ನಾಲ್ಕನೆಯ ನುಡಿಗೆ ಎಳೆದ ಉಸಿರು

ವಾಸ್ಕೋದಿಂದ ಮಡಗಾಂವಿಗೆ ಹೋಗುವ ಖಾಸಗಿ ಬಸ್ಸುಗಳಲ್ಲಿ ನಮ್ಮ ಕಡೆಯ ಡ್ರೈವರುಗಳು ಬಹಳ ಜನ. ಅವರಲ್ಲಿ ಯಾರಾದರೊಬ್ಬರು ಇವತ್ತಿಗೂ ಆ ಹಾಡು ಹಚ್ಚುತ್ತಾರೆ. ಒಂದು ಏಕತಾರಿ, ಒಂದು ಜೋಡಿ ತಾಳ, ಒಬ್ಬ ಹೆಂಗಸಿನ ದನಿ. ಮೂರು ನುಡಿ ಮುಗಿಯುತ್ತವೆ. ತಾಳ ನಿಲ್ಲುತ್ತದೆ. ಆಮೇಲೆ ಒಂದು ಉಸಿರು ಕೇಳಿಸುತ್ತದೆ. ಮುಂದಿನ ಸಾಲಿಗೆಂದು ಹಾಡುವವರು ಎದೆ ತುಂಬ ಎಳೆದುಕೊಳ್ಳುತ್ತಾರಲ್ಲ, ಆ ಉಸಿರು. ಆದರೆ ಸಾಲು ಬರುವುದಿಲ್ಲ. ಖರ್ರ್ ಎಂದು ಟೇಪು ಸ್ವಲ್ಪ ಓಡಿ ಮುಂದಿನ ಹಾಡು ಸುರುವಾಗುತ್ತದೆ. ಬಸ್ಸಿನಲ್ಲಿ ಯಾರೂ ಅದನ್ನು ಗಮನಿಸುವುದಿಲ್ಲ. ನನಗೆ ಮಾತ್ರ ಅಂಗೈ ತಣ್ಣಗಾಗುತ್ತದೆ. ಯಾಕೆಂದರೆ ಆ ಸಾಲನ್ನು ಗಂಟಲಲ್ಲೇ ತಡೆದವಳು ನಾನು.

ನಾನು ಧಾರವಾಡದವಳು. ಗಂಡನಿಗೆ ಬಂದರಿನ ಆಫೀಸಿನಲ್ಲಿ ಕೆಲಸ. ಎರಡು ಸಾವಿರದ ಇಸವಿಯಲ್ಲಿ ವಾಸ್ಕೋಗೆ ಬಂದು, ಒಂದು ಕನ್ನಡ ಶಾಲೆಯಲ್ಲಿ ಟೀಚರಾಗಿ ಸೇರಿಕೊಂಡೆ. ಮಕ್ಕಳೆಲ್ಲ ಬಂದರಿನ ಕೂಲಿಗಳ ಮನೆಯವು. ಅವುಗಳ ಕನ್ನಡ ತಿದ್ದುವುದೇ ನನ್ನ ಜನ್ಮಸಾರ್ಥಕ್ಯ ಎಂದು ನಂಬಿದ್ದೆ. ಸೆರಗಿನ ಪಿನ್ನಿನಂತೆ ಕೆಂಪು ಶಾಯಿಯ ಪೆನ್ನೂ ನನ್ನ ಮೈಮೇಲೆ ಇದ್ದೇ ಇರುತ್ತಿತ್ತು. "ಮಳಿ" ಎಂದು ಬರೆದರೆ ಹೊಡೆದುಹಾಕಿ ಮೇಲೆ "ಮಳೆ" ಎಂದು ಬರೆಯುತ್ತಿದ್ದೆ. ಮನೆಯಲ್ಲಿ ನಾನೂ "ಮಳಿ" ಎಂದೇ ಅನ್ನುತ್ತಿದ್ದೆ, ಆ ಮಾತು ಬೇರೆ.

ಮೂರನೆಯ ಇಯತ್ತೆಯಲ್ಲಿ ಒಬ್ಬ ಹುಡುಗಿ ಇದ್ದಳು. ಒಂದು ಸಲ ಎಲ್ಲರಿಗೂ ಒಂದೊಂದು ಪದ್ಯ ಬರೆದುಕೊಂಡು ಬರಲು ಹೇಳಿದ್ದೆ. ಇವಳು ತಂದ ಪದ್ಯ ಯಾವ ಪುಸ್ತಕದಲ್ಲೂ ನಾನು ಕಂಡದ್ದಲ್ಲ. ಯಾರು ಬರೆದದ್ದು ಎಂದು ಕೇಳಿದರೆ "ನಮ್ಮವ್ವ ಕಟ್ಟಿದ್ದು" ಎಂದಳು. ಅವಳ ಅವ್ವ ಜೆಟ್ಟಿಯಲ್ಲಿ ಮೀನಿನ ಬುಟ್ಟಿ ಹೊರುವವಳು, ಹೆಬ್ಬೆಟ್ಟು ಒತ್ತುವವಳು ಎಂಬುದು ನನಗೆ ಗೊತ್ತಿತ್ತು. ಸುಳ್ಳು ಹೇಳುತ್ತೀಯಾ ಎಂದು ಗದರಿಸಿ ಬೆಂಚಿನ ಮೇಲೆ ನಿಲ್ಲಿಸಿದೆ.

ಮರುದಿನ ಪ್ರಾರ್ಥನೆ ಮುಗಿಯುವ ಹೊತ್ತಿಗೆ ಆ ಅವ್ವ ತರಗತಿಯ ಬಾಗಿಲಲ್ಲಿ ನಿಂತಿದ್ದಳು. ಇಳಕಲ್ಲಿನ ಹಳೆಯ ಸೀರೆ, ಮೊಣಕೈವರೆಗೆ ಮೀನಿನ ಹುರುಪೆ. ವಯಸ್ಸು ನಲವತ್ತರ ಆಚೀಚೆ.

"ಅಕ್ಕೋರ, ನನ್ನ ಮಗಳು ಸುಳ್ಳ ಹೇಳಿಲ್ರಿ. ನಾ ಹಾಡ ಕಟ್ಟತೇನಿ. ಕೇಳ್ರಿ ಬೇಕಾದ್ರ."

ಬುಟ್ಟಿ ಕೆಳಗಿಟ್ಟು ಚೌಕಟ್ಟಿಗೆ ಒರಗಿ ಹಾಡಿಯೇಬಿಟ್ಟಳು. ದನಿ ಇಂಪಾಗಿರಲಿಲ್ಲ, ಸುಳ್ಳೇಕೆ ಹೇಳಲಿ. ಅದರಲ್ಲಿ ಮರಳು ಇತ್ತು, ಹೊಗೆ ಇತ್ತು. ಆದರೆ ಒಂದೊಂದು ಮಾತೂ ಅವಳ ಹೊಟ್ಟೆಯೊಳಗಿನಿಂದ ಎದ್ದು ಬರುತ್ತಿತ್ತು. ಹಾಡು ಮುಗಿದ ಮೇಲೆ ಅವಳು ನನ್ನ ಕಡೆ ನೋಡಲಿಲ್ಲ, ಮಗಳ ಕಡೆ ನೋಡಿದಳು. ನಾನು ಹುಡುಗಿಯನ್ನು ಕೂತುಕೊಳ್ಳಲು ಹೇಳಿದೆ. ತಪ್ಪಾಯಿತು ಎಂದು ಮಾತ್ರ ಹೇಳಲಿಲ್ಲ. ಟೀಚರು ಹಾಗೆಲ್ಲ ಹೇಳುವ ರೂಢಿ ಇರಲಿಲ್ಲ.

ಆಮೇಲೆ ಶನಿವಾರ ಶಾಲೆ ಬಿಟ್ಟ ಮೇಲೆ ಅವಳು ಬರುತ್ತಿದ್ದಳು. ಅವಳು ಹಾಡುವುದು, ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವುದು. ಅವಳ ಬಾಳಿನ ಕಥೆ ಕೂಡ ಹಾಡಿನ ನಡುವೆ ಚೂರುಚೂರಾಗಿ ಸಿಕ್ಕಿತು. ವಿಜಾಪುರದ ಕಡೆಯ ಹಳ್ಳಿ. ಅಪ್ಪ ಭಜನಾ ಮೇಳದವನು. ಹೆಣ್ಣುಮಕ್ಕಳು ಮೇಳದಲ್ಲಿ ಕೂರುವಂತಿಲ್ಲ, ಹೀಗಾಗಿ ಗುಡಿಯ ಗೋಡೆಯ ಆಚೆ ಕುಳಿತು ತತ್ವಪದಗಳನ್ನೆಲ್ಲ ಕಲಿತಳು. ಮದುವೆಯಾಗಿ ಗಂಡನ ಹಿಂದೆ ವಾಸ್ಕೋ ರೈಲು ಹತ್ತಿದಳು. ಗಂಡ ಬಂದರಿನಲ್ಲಿ ಅದಿರು ತುಂಬುತ್ತಿದ್ದ. ವಾಸ್ಕೋದ ಅಂಚಿಗಿರುವ ಬಾಯ್ನಾದ ಸಮುದ್ರದಂಡೆಯಲ್ಲಿ ತಗಡು, ತೆಂಗಿನ ಗರಿ ಸೇರಿಸಿ ಗುಡಿಸಲು ಹಾಕಿದರು. ಮಗಳು ಹುಟ್ಟಿದ ಮರುವರ್ಷ ಅವನು ಬೇರೊಬ್ಬಳ ಜೊತೆ ವಾಳಪೈಗೆ ಹೋದವನು ತಿರುಗಿ ಬರಲಿಲ್ಲ.

"ಅಳಾಕ ಪುರಸೊತ್ತ ಇರಲಿಲ್ರಿ ಅಕ್ಕೋರ. ತೆಲಿ ಮ್ಯಾಲ ಬುಟ್ಟಿ, ಬಗಲಾಗ ಕೂಸು. ಹಾಡ ಅಂದ್ರ ಎರಡೂ ಕೈ ತುಂಬಿದ್ರೂ ಕಟ್ಟಬಹುದಲ್ರಿ."

ಹಾಗೆ ಕಟ್ಟಿ ಕಟ್ಟಿ ಅವಳಿಗೆ ಹೆಸರು ಬಂದಿತ್ತು. ಊರ ಗುಡ್ಡದ ಮೇಲಿನ ಕೇರಿ ಮಂಗೋರ್ ಹಿಲ್‌ನ ಮದುವೆಗಳಿಗೆ, ಬಾಣಂತಿಯ ತೊಟ್ಟಿಲಿಗೆ, ಸತ್ತವರ ಮುಂದಿನ ಭಜನೆಗೆ ಅವಳನ್ನೇ ಕರೆಯುತ್ತಿದ್ದರು. ಊರಲ್ಲಿ ಮೇಳದೊಳಗೆ ಬಿಟ್ಟುಕೊಳ್ಳದ ಗಂಡಸರೇ ಇಲ್ಲಿ ಅವಳ ಹಿಂದೆ ಕುಳಿತು ತಾಳ ಹಾಕಿದರು. ಉಡಿಯಲ್ಲಿ ತೆಂಗಿನಕಾಯಿ, ಕುಪ್ಪಸದ ಕಣ ಹಾಕಿಸಿಕೊಂಡು ರಾಣಿಯ ಹಾಗೆ ಬರುತ್ತಿದ್ದಳಂತೆ.

ಭಜನೆ ಪದ ಕಟ್ಟುವವರಲ್ಲಿ ಒಂದು ನೇಮವಿದೆ. ಕೊನೆಯ ನುಡಿಯಲ್ಲಿ ಅಂಕಿತ ಹಾಕಬೇಕು. ಯಾವ ಊರವನು, ಯಾರ ಶಿಷ್ಯ ಎಂಬುದು ಅಲ್ಲಿ ಬರಬೇಕು. ಆ ನುಡಿ ಹಾಡುವಾಗ ತಾಳದವರೂ ಮೈ ನೆಟ್ಟಗೆ ಮಾಡಿ ಕೂರುತ್ತಾರೆ. ಇವಳಿಗೆ ಗುರು ಇರಲಿಲ್ಲ. ಹುಟ್ಟಿದ ಹಳ್ಳಿಯ ಹೆಸರನ್ನು ಹಾಕುವ ಮನಸ್ಸೂ ಇರಲಿಲ್ಲ, ಗೋಡೆಯಾಚೆ ಕೂರಿಸಿದ ಊರು ಎಂಬ ಸಿಟ್ಟು. ಎಲ್ಲ ಹಾಡಿಗೂ ಬಾಯ್ನಾದ ಅಂಕಿತವನ್ನೇ ಹಾಕುತ್ತಿದ್ದಳು.

ಬಾಯ್ನಾ ಎಂದರೆ ಆಗ ವಾಸ್ಕೋದ ಸಂಬಳದಾರರ ಮನೆಗಳಲ್ಲಿ ದನಿ ತಗ್ಗಿಸಿ ಆಡುವ ಮಾತು. ಅಲ್ಲಿ ಮೈ ಮಾರಿ ಬದುಕುವ ಹೆಂಗಸರ ಗುಡಿಸಲುಗಳೂ ಇದ್ದವು. ಅವುಗಳ ಜೊತೆಗೇ ಮೀನುಗಾರರ, ಕೂಲಿಗಳ ನೂರಾರು ಸಂಸಾರಗಳೂ ಇದ್ದವು. ಆದರೆ ನಮ್ಮವರಿಗೆ ಅಷ್ಟು ವಿವರ ಯಾಕೆ ಬೇಕು? ಊರಿನ ಹೆಸರು ಕೇಳಿದರೆ ಮೂಗು ಮುರಿಯುವುದು, ಅಷ್ಟೇ. ನಾನೂ ಮುರಿದವಳೇ.

ಎರಡು ಸಾವಿರದ ಎರಡರ ಚಳಿಗಾಲದಲ್ಲಿ ನಮ್ಮ ಕನ್ನಡ ಬಳಗದ ವತಿಯಿಂದ ಅವಳ ಒಂದು ಕ್ಯಾಸೆಟ್ಟು ಮಾಡಿಸಲು ಹೊರಟೆ. ಮಡಗಾಂವಿನಲ್ಲಿ ಒಬ್ಬ ಕ್ರಿಶ್ಚಿಯನ್ ಮುದುಕರಿದ್ದರು. ಹಡಗುಗಳ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಊದಿ ಊರಿಗೆ ಮರಳಿದವರು. ಮನೆಯ ಹಿಂದಿನ ಕೋಣೆಗೆ ನಾಲ್ಕೂ ಕಡೆ ಕಂಬಳಿ ಹೊಡೆದು ರೆಕಾರ್ಡಿಂಗ್ ಮಾಡುತ್ತಿದ್ದರು. ಕನ್ನಡದ ಗಂಧಗಾಳಿ ಇಲ್ಲದ ಮನುಷ್ಯ. ಮೈಕಿನ ಮಟ್ಟ ನೋಡಲೆಂದು ಅವಳಿಂದ ಎರಡು ಸಾಲು ಹಾಡಿಸಿದರು. ಆಮೇಲೆ ಎದ್ದು ಹೋಗಿ ಒಳಗಿನಿಂದ ಒಂದು ಹಳೆಯ ರೆಕಾರ್ಡು ತಂದು ತಿರುಗಲು ಬಿಟ್ಟರು.

ಅಮೇರಿಕದ ದಕ್ಷಿಣದ ಕಡೆಯ ಕಪ್ಪು ಹೆಣ್ಣುಮಗಳು, ಎಂದು ತಮ್ಮ ಮುಂಬೈ ಹಿಂದಿಯಲ್ಲಿ ನನಗೆ ವಿವರಿಸಿದರು. ಹತ್ತಿ ಬಿಡಿಸುವವರ ಮನೆಯಲ್ಲಿ ಹುಟ್ಟಿದವಳು. ಮೊದಲು ಇಗರ್ಜಿಯಲ್ಲಿ ದೇವರ ಹಾಡು ಹಾಡಿದಳು, ಆಮೇಲೆ ಅದೇ ದನಿಯಲ್ಲಿ ಬಿಟ್ಟುಹೋದ ಗಂಡಸಿನ ಮೇಲೆ ತಾನೇ ಹಾಡು ಕಟ್ಟಿ ಹಾಡಿದಳು. ಸಣ್ಣ ಸಣ್ಣ ಊರುಗಳ ಹೊರಗೆ ಅವಳ ಹೆಸರು ಹೋಗಲೇ ಇಲ್ಲ. ಯಾವುದೋ ಬಂದರಿನಲ್ಲಿ ಒಬ್ಬ ಹಮಾಲ ಕೊಟ್ಟ ರೆಕಾರ್ಡಂತೆ ಅದು.

ನಾನು ಇದನ್ನೆಲ್ಲ ಕನ್ನಡದಲ್ಲಿ ಹೇಳಿದೆ. ಇವಳು ಕಣ್ಣು ಮುಚ್ಚಿ ಕೇಳಿದಳು.

"ಈಕಿ ಅಳಾಕತ್ತಿಲ್ರಿ ಅಕ್ಕೋರ. ಬಾಗಿಲದಾಗ ನಿಂತು ಗಂಡನ್ನ ಕೇಳಾಕತ್ತಾಳ."

ಮುದುಕರಿಗೆ ಅದನ್ನು ಹೇಳಿದಾಗ ಕನ್ನಡಕ ತೆಗೆದು ಒರೆಸಿಕೊಂಡರು. ಇವಳು ಮತ್ತೆ ಕೇಳಿದಳು, "ಕಡೀಕ ತನ್ನ ಊರ ಹೆಸರ ಹೇಳಿದ್ಲೇನ್ರಿ?" ಅವರಲ್ಲಿ ಆ ಪದ್ಧತಿ ಇಲ್ಲ, ಹೆಸರು ರೆಕಾರ್ಡಿನ ಮೇಲೆ ಅಚ್ಚಾಗಿರುತ್ತದೆ ಎಂದರು ಮುದುಕರು.

"ಕಾಗದದ ಮ್ಯಾಲಿಂದು ಮಳಿಗಿ ಹೋಕ್ಕೈತ್ರಿ. ಬಾಯಾಗಿಂದು ಹ್ಯಾಂಗ ಹೋಗತೈತಿ?" ಎಂದಳು ಇವಳು.

ಕ್ಯಾಸೆಟ್ಟಿನ ಮೊದಲ ಹಾಡಿಗೆಂದು ಅವಳು ಹೊಸದೊಂದನ್ನು ಕಟ್ಟಿಕೊಂಡು ಬಂದಿದ್ದಳು. ಬಾಯ್ನಾದಲ್ಲೂ ಅದನ್ನು ಇನ್ನೂ ಹಾಡಿರಲಿಲ್ಲ. ಹಿಂದಿನ ಶನಿವಾರವಷ್ಟೇ ನನ್ನ ನೋಟ್‌ಬುಕ್ಕಿಗೆ ಬರೆಸಿದ್ದಳು. ಮೊದಲ ನುಡಿ ಹೀಗಿತ್ತು:

ವಾಳಪೈ ಬಸ್ಸ ಹತ್ತಿ ಹೋದವನ,
ಹೋಗುವಾಗ ಚಪ್ಪಲಿ ಬಿಟ್ಟವನ;
ಚಪ್ಪಲಿಗಿ ದಿನ್ನಾ ಧೂಳ ಝಾಡಸೇನ,
ನೀ ಬರತಿ ಅಂತಲ್ಲ, ಮನಿ ನಂದಂತ.

ನಾಲ್ಕನೆಯದು ಅಂಕಿತದ ನುಡಿ. ಅದು ಹೀಗೆ ಸುರುವಾಗುತ್ತಿತ್ತು: "ಯಾ ಊರಾಕಿ ಅಂತ ಕೇಳಿದರ ಹೇಳೇನ, ಬಾಯ್ನಾದ ಮಳಲಾಗ ಮನಿ ಮಾಡೇನ." ಅಂದು ಬೆಳಿಗ್ಗೆ ಮಡಗಾಂವಿಗೆ ಬರುವ ಬಸ್ಸಿನಲ್ಲಿ ನೋಟ್‌ಬುಕ್ಕು ತೆರೆದು ಆ ಸಾಲನ್ನು ಮತ್ತೆ ಓದಿದ್ದೆ. ಬಳಗದವರು ಇದನ್ನು ಮನೆಮನೆಯಲ್ಲಿ ಹಚ್ಚುವವರು. ಅತ್ತೆ, ಮಾವ, ನೆಂಟರು ಕೂತಿರುವಾಗ ಬಾಯ್ನಾದವಳು ಎಂದು ಹಾಡು ತಾನೇ ಕೂಗಿ ಹೇಳಿದರೆ? ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ. ಈ ಬುದ್ಧಿ ಪೂರಾ ನನ್ನದೇ. ಪೆನ್ನು ತೆಗೆದು ತಿದ್ದಿಬಿಟ್ಟೆ.

ಕೋಣೆಯಲ್ಲಿ ಅವಳಿಗೆ ಹೇಳಿದೆ, "ಯವ್ವಾ, ಕಡೀ ನುಡಿಯೊಳಗ ಬಾಯ್ನಾ ಅನಬ್ಯಾಡ. ವಾಸ್ಕೋ ಅನ್ನು. ಎರಡೂ ಒಂದ ಊರಲ್ಲ?"

"ಅಂಕಿತಾ ತಿದ್ದಬಾರದ್ರಿ ಅಕ್ಕೋರ. ತಿದ್ದಿದರ ಹಾಡ ಮತ್ತೊಬ್ಬರದಾಗತೈತಿ."

"ಜನಾ ಏನಂದಾರು ಅನ್ನೂದು ನಿನಗ ತಿಳ್ಯಂಗಿಲ್ಲ. ನಿನ್ನ ಒಳ್ಳೇದಕ್ಕ ಹೇಳಾಕತ್ತೇನಿ."

"ಇರದ ಊರಿನ ಹೆಸರ ನಾ ಹಾಡಂಗಿಲ್ರಿ," ಎಂದಳು. ನನಗೆ ಸಿಟ್ಟು ಬಂತು. ಮೀನಿನ ಬುಟ್ಟಿಯವಳಿಗೆ ಇಷ್ಟು ಹಟವೇ ಎಂದು ಮನಸ್ಸಿನಲ್ಲಿ ಅಂದುಕೊಂಡೆ. ಹಾಗಾದರೆ ಮೂರೇ ನುಡಿ ಸಾಕು, ನಾಲ್ಕನೆಯದು ಬೇಡವೇ ಬೇಡ ಎಂದುಬಿಟ್ಟೆ.

ಒಂದು ಕೈಯಲ್ಲಿ ಏಕತಾರಿ, ಇನ್ನೊಂದರಲ್ಲಿ ತಾಳ ಹಿಡಿದು ಅವಳು ಹಾಡಿದಳು. ಮೂರನೆಯ ನುಡಿ ಮುಗಿದದ್ದೇ ರೂಢಿಯಂತೆ ನಾಲ್ಕನೆಯದಕ್ಕೆ ಉಸಿರು ಎಳೆದಳು. ಆಗ ಕಣ್ಣು ತೆರೆದು ನನ್ನನ್ನು ಕಂಡಳು. ನಾನು ತಲೆ ಅಲ್ಲಾಡಿಸಿದೆ. ಅವಳ ಬಾಯಿ ಮುಚ್ಚಿತು. ಆ ಉಸಿರನ್ನು ಕತ್ತರಿಸಿ ತೆಗೆಯಿರಿ ಎಂದು ನಾನು ಮುದುಕರಿಗೆ ಹೇಳಿದೆ. ಅವರು ಯಂತ್ರದ ಮೇಲೆ ಕೈ ಅಡ್ಡ ಇಟ್ಟುಕೊಂಡು ಒಪ್ಪಲಿಲ್ಲ. ಭಾಷೆ ತಿಳಿಯದಿದ್ದರೂ ಏನು ನಡೆಯಿತೆಂದು ಅವರಿಗೆ ತಿಳಿದಿತ್ತು. "ನನ್ನ ಕೋಣೆಯಲ್ಲಿ ಬಿದ್ದ ಉಸಿರು ನನ್ನದು, ಅದು ಹಾಗೇ ಇರಲಿ," ಎಂದರು. ಉಳಿದ ಹಾಡುಗಳನ್ನೂ ಅವಳು ಅಂಕಿತ ಬಿಟ್ಟೇ ಹಾಡಿ ಮುಗಿಸಿದಳು.

ಕ್ಯಾಸೆಟ್ಟಿನ ಹೊದಿಕೆಯ ಮೇಲೆ ಅವಳ ಹೆಸರು ಸಣ್ಣ ಅಕ್ಷರದಲ್ಲಿತ್ತು. "ಸಂಗ್ರಹ" ಎಂದು ನನ್ನ ಹೆಸರು ಡಿಗ್ರಿಗಳ ಸಮೇತ ದಪ್ಪ ಅಕ್ಷರದಲ್ಲಿತ್ತು. ಅಂಗಡಿಗಳಲ್ಲಿ, ಟೆಂಪೋಗಳಲ್ಲಿ ಆ ಮೊದಲ ಹಾಡು ಹಬ್ಬಿಬಿಟ್ಟಿತು. ವರ್ಷ ತುಂಬುವುದರೊಳಗೆ ನಮ್ಮ ಕಡೆಯ ಒಬ್ಬ ಮದುವೆ ಬ್ಯಾಂಡಿನ ಹಾಡುಗಾರ ಅದನ್ನು ಕೀಬೋರ್ಡು ಹಚ್ಚಿ ಹಾಡಿದ. ನಾಲ್ಕನೆಯ ನುಡಿ ಖಾಲಿ ಇತ್ತಲ್ಲ, ಅಲ್ಲಿ ತನ್ನ ಊರು, ತನ್ನ ಗುರುವಿನ ಅಂಕಿತ ಕೂರಿಸಿದ. ಅವನನ್ನು ಬೈಯಲು ನನಗೆ ಬಾಯಿಲ್ಲ. ಅಂಕಿತ ಇಲ್ಲದ ಹಾಡು ಎಂದರೆ ಯಾರೂ ವಾರಸುದಾರರಿಲ್ಲ ಎಂದೇ ನಮ್ಮವರ ಲೆಕ್ಕ.

ಅವಳು ಅದನ್ನು ಒಂದು ಮದುವೆಯ ಹಂದರದಲ್ಲಿ ಕೇಳಿದಳಂತೆ. ಮುಂದಿನ ಶನಿವಾರ ನನ್ನ ಹತ್ತಿರ ಬಂದಳು. ಕೂಗಾಡಲಿಲ್ಲ. "ಮತ್ತೊಮ್ಮಿ ಆ ಮುತ್ಯಾನ ಕಡೆ ಕರಕೊಂಡ ಹೋಗ್ರಿ. ನಾಕನೇ ನುಡಿ ಹಾಡಿ ಬರತೇನಿ. ಅಷ್ಟ ಮಾಡ್ರಿ ಸಾಕು," ಎಂದಳು. ಆಗಲಿ ಎಂದೆ. ಪರೀಕ್ಷೆ ಮುಗಿಯಲಿ ಎಂದೆ. ಮಳೆಗಾಲ ಮುಗಿಯಲಿ ಎಂದೆ. ಪ್ರತಿ ಸಲವೂ ಅವಳು "ಹೌದ್ರಿ, ಹಂಗ ಆಗಲಿ" ಎನ್ನುತ್ತಿದ್ದಳು.

ಎರಡು ಸಾವಿರದ ನಾಲ್ಕರಲ್ಲಿ ಬಾಯ್ನಾದ ದಂಡೆಯ ಗುಡಿಸಲುಗಳನ್ನು ಬುಲ್‌ಡೋಜರ್ ತಂದು ಕೆಡವಿದರು. ಮಳೆ ಆಗಲೇ ಹಿಡಿದಿತ್ತು. ಮರುದಿನ ನಾನು ಕೊಡೆ ಹಿಡಿದು ನೋಡಲು ಹೋದೆ. ತಗಡು, ಒಡೆದ ಗಡಿಗೆ, ದೇವರ ಫೋಟೋ, ಒದ್ದೆ ಹಾಸಿಗೆ. ನನ್ನ ಶಾಲೆಯ ಪಾಟಿಚೀಲಗಳನ್ನು ನಾನೇ ಗುರುತು ಹಿಡಿದೆ. ಅವಳು ತನ್ನ ಮನೆ ಇದ್ದ ಜಾಗದಲ್ಲಿ ಮಗಳ ಜೊತೆ ಪ್ಲಾಸ್ಟಿಕ್ ಹೊದ್ದು ಕುಳಿತಿದ್ದಳು. ಮಡಿಲಲ್ಲಿ ಒಂದು ಜೊತೆ ಗಂಡಸಿನ ಚಪ್ಪಲಿ.

"ಈಗ ಊರ ದಂಡಿ ಮ್ಯಾಲೂ ಇಲ್ಲ, ಹಾಡಿನಾಗೂ ಇಲ್ರಿ ಅಕ್ಕೋರ."

ನನಗೆ ಅಲ್ಲೇ ನೆಲ ಬಾಯಿಬಿಡಬಾರದೇ ಅನ್ನಿಸಿತು. ಮನೆಗೆ ಬಾ ಎಂದು ಕರೆಯಬೇಕಿತ್ತು. ನಮ್ಮ ಕ್ವಾರ್ಟರ್ಸಿನಲ್ಲಿ ಒಂದು ಕೋಣೆ ಖಾಲಿಯೇ ಇತ್ತು. ಕರೆಯಲಿಲ್ಲ. ಕೊಡೆಯನ್ನು ಅವಳ ಕೈಗೆ ಕೊಟ್ಟು, ದೊಡ್ಡ ಉಪಕಾರ ಮಾಡಿದವಳ ಹಾಗೆ ನೆನೆಯುತ್ತ ಬಂದೆ.

ಅವರಿಬ್ಬರೂ ಮಂಗೋರ್ ಹಿಲ್‌ನ ಮೆಟ್ಟಿಲ ಸಾಲಿನಲ್ಲಿ ಒಂದು ಬಾಡಿಗೆ ಕೋಣೆ ಹಿಡಿದರು. ಬಾಯ್ನಾದ ಜನ ದಿಕ್ಕಾಪಾಲಾದರು. ಅವಳು ಮೀನಿನ ಕೆಲಸ ಮಾಡಿದಳು, ಕರೆದರೆ ಭಜನೆಗೂ ಹೋದಳು, ಆದರೆ ಹಳೆಯ ತತ್ವಪದಗಳನ್ನಷ್ಟೇ ಹಾಡುತ್ತಿದ್ದಳು. ಹೊಸದಾಗಿ ಒಂದು ಸಾಲನ್ನೂ ಕಟ್ಟಲಿಲ್ಲ. ಯಾಕೆ ಎಂದು ಒಮ್ಮೆ ಕೇಳಿದೆ. "ಕಡೀಕ ಯಾ ಊರ ಹೇಳಲ್ರಿ?" ಎಂದಳು. ಕೊನೆಗೂ ನಾನು ಮಡಗಾಂವಿಗೆ ಹೋದಾಗ ಮುದುಕರು ತೀರಿಹೋಗಿದ್ದರು. ಆ ಕೋಣೆಯಲ್ಲಿ ಅವರ ಸೊಸೆ ಬಟ್ಟೆ ಹೊಲಿಯುತ್ತಿದ್ದಳು, ಗೋಡೆಯ ಕಂಬಳಿ ಹಾಗೇ ಇತ್ತು.

ಆ ಹೊತ್ತಿಗೆ ಹಾಡು ನನ್ನ ಬೆನ್ನು ಹತ್ತಿಯಾಗಿತ್ತು. ಮಾರ್ಕೆಟ್ಟಿನ ಕ್ಯಾಸೆಟ್ ಅಂಗಡಿ, ಗಣೇಶನ ಹಬ್ಬದ ಮೈಕು, ಪಕ್ಕದ ಮನೆಯ ಅಡುಗೆಮನೆ. ಮೂರು ನುಡಿ, ಆಮೇಲೆ ಆ ಉಸಿರು. ತರಗತಿಯಲ್ಲಿ ಹಾಜರಿ ಕೂಗುವಾಗ ಹೆಸರಿಗೂ ಹೆಸರಿಗೂ ನಡುವೆ ಅದು ಕೇಳಿಸತೊಡಗಿತು. ಬೆನ್ನ ಹಿಂದೆ ಯಾರೋ ಈಗ ಮಾತಾಡುತ್ತಾರೆ ಎನ್ನುವಂತೆ ತಿರುಗಿ ನೋಡುತ್ತಿದ್ದೆ. ಡಾಕ್ಟರು ಕಿವಿಗೆ ಎಣ್ಣೆ ಬರೆದುಕೊಟ್ಟರು. ನನಗೆ ನಗು ಬಂತು.

ಎರಡು ಸಾವಿರದ ಒಂಬತ್ತರಲ್ಲಿ ಅವಳು ಹೋದಳು. ಎರಡು ವರ್ಷದಿಂದ ಕೆಮ್ಮಿತ್ತು. ಬೆಳಿಗ್ಗೆ ಸುದ್ದಿ ಬಂತು. ಸಂದೂಕದ ತಳದಿಂದ ಆ ನೋಟ್‌ಬುಕ್ಕು ತೆಗೆದು ಚೀಲದಲ್ಲಿ ಹಾಕಿಕೊಂಡು ಮೆಟ್ಟಿಲು ಹತ್ತಿದೆ. ಯಾಕೆ ತೆಗೆದುಕೊಂಡೆ ಎಂದು ನನಗೇ ಸರಿಯಾಗಿ ಗೊತ್ತಿರಲಿಲ್ಲ. ಅವಳನ್ನು ಗೋಡೆಗೆ ಒರಗಿಸಿ ಕೂರಿಸಿ, ಹಣೆತುಂಬ ವಿಭೂತಿ ಹಚ್ಚಿದ್ದರು. ಮುಂದೆ ಭಜನೆ ನಡೆದಿತ್ತು. ಎಲ್ಲೆಲ್ಲಿಗೋ ಚದುರಿದ್ದ ಬಾಯ್ನಾದ ಜನ ಮೆಟ್ಟಿಲ ಮೇಲೆಲ್ಲ ತುಂಬಿದ್ದರು.

ಮಧ್ಯಾಹ್ನ ಹೆಣ ಎತ್ತುವ ಮುಂಚೆ ಒಬ್ಬ ಮುದುಕಿ "ಆಕೀದ ಒಂದು ಹಾಡ್ರೋ" ಎಂದಳು. ಮೇಳದವರು ವಾಳಪೈ ಬಸ್ಸಿನ ಹಾಡು ಎತ್ತಿದರು. ಮೂರು ನುಡಿ ಮುಗಿಯಿತು. ನಾಲ್ಕನೆಯದಕ್ಕೆ ಅವರಿಗೆ ಬರುತ್ತಿದ್ದದ್ದು ಬ್ಯಾಂಡಿನವನ ಅಂಕಿತ. ಮುಂದಾಳು ತಾಳವನ್ನು ಅಂಗೈಯಿಂದ ಒತ್ತಿ ಹಿಡಿದು ನಿಲ್ಲಿಸಿದ.

"ಆಕಿ ಮುಂದ ಕುಂತು ಮತ್ತೊಬ್ಬರ ಅಂಕಿತಾ ಹ್ಯಾಂಗ ಹಾಡೂದು? ಆಕಿ ನುಡಿ ಯಾರಿಗರ ಬರತೈತೇನು?"

ಯಾರಿಗೂ ಬರುತ್ತಿರಲಿಲ್ಲ. ಆ ಹಾಡನ್ನು ಅವಳು ಮತ್ತೆ ಬಾಯಿಗೆ ತಂದಿರಲೇ ಇಲ್ಲ. ಏಕತಾರಿ ಮಾತ್ರ ಮಿಡಿಯುತ್ತಿತ್ತು. ನನ್ನ ಕಿವಿಯಲ್ಲಿ ಆ ಉಸಿರು ಇಡೀ ಕೋಣೆ ತುಂಬುವಷ್ಟು ದೊಡ್ಡದಾಯಿತು. ನನಗೆ ಆ ನುಡಿ ಬಾಯಿಪಾಠವಿತ್ತು. ಆದರೆ ತಡೆದವಳೇ ಹಾಡುವುದು ಹೇಗೆ? ನೋಟ್‌ಬುಕ್ಕು ತೆಗೆದು ಅವಳ ಮಗಳ ಕೈಗೆ ಕೊಟ್ಟೆ. ಅಂದು ಬೆಂಚಿನ ಮೇಲೆ ನಿಂತ ಹುಡುಗಿ ಈಗ ಕಾಲೇಜಿಗೆ ಹೋಗುತ್ತಿದ್ದಳು.

ಅವಳು ಪುಟ ತೆರೆದು ಓದಿದಳು. ಓದುತ್ತ ಓದುತ್ತ ಒಂದು ಕಡೆ ಬೆರಳು ನಿಂತಿತು. ಆಮೇಲೆ ಪುಟವನ್ನು ನನ್ನ ಕಡೆ ತಿರುಗಿಸಿ ಹಿಡಿದಳು. "ಬಾಯ್ನಾದ" ಎಂಬುದರ ಮೇಲೆ ಕೆಂಪು ಗೆರೆ. ಮೇಲೆ ನನ್ನ ಮುತ್ತಿನಂಥ ಅಕ್ಷರದಲ್ಲಿ "ವಾಸ್ಕೋದ". ಪಕ್ಕದ ಅಂಚಿನಲ್ಲಿ, ತಪ್ಪಿಗೆ ಹಾಕುವ ಗುಣಾಕಾರದ ಗುರುತು. ಅದನ್ನು ಹಾಕಿದ ನೆನಪೇ ನನಗಿರಲಿಲ್ಲ. ಕೈ ರೂಢಿಯಂತೆ ಹಾಕಿತ್ತು.

"ಅಕ್ಕೋರ, ಇದರಾಗ ತಪ್ಪ ಏನಿತ್ರಿ?" ಎಂದು ಕೇಳಿದಳು. ಸಿಟ್ಟಿನಿಂದ ಕೇಳಲಿಲ್ಲ. ತರಗತಿಯಲ್ಲಿ ತಿಳಿಯದ್ದನ್ನು ಕೇಳುವ ಹಾಗೆಯೇ ಕೇಳಿದಳು.

ನೋಟ್‌ಬುಕ್ಕು ಹಿಡಿದೇ ಅವಳು ಅವ್ವನ ಮಗ್ಗುಲಿಗೆ ಹೋಗಿ ನಿಂತಳು. ಉಸಿರು ಎಳೆದುಕೊಂಡಳು. ಅದೇ ಉಸಿರು. ನಾನು ಏಳು ವರ್ಷ ಕೇಳಿದ್ದು. ಈ ಸಲ ಅದರ ಹಿಂದೆ ಸಾಲು ಬಂತು:

ಯಾ ಊರಾಕಿ ಅಂತ ಕೇಳಿದರ ಹೇಳೇನ,
ಬಾಯ್ನಾದ ಮಳಲಾಗ ಮನಿ ಮಾಡೇನ;
ತೆರಿ ಬಂದು ಬಾಗಿಲಾ ಬಡದರೂ ನಾನ
ಇಲ್ಲೇ ಅದೇನಂತ ಓ ಅಂದೇನ.

ಮೆಟ್ಟಿಲ ಮೇಲಿದ್ದವರೆಲ್ಲ ಕೊನೆಯ ಸಾಲನ್ನು ಹಿಡಿದರು. ಕೆಡವಿದ ಊರಿನ ಜನ, ಒಂದೇ ದನಿಯಲ್ಲಿ, ಇಲ್ಲೇ ಅದೇನಂತ, ಇಲ್ಲೇ ಅದೇನಂತ. ಅತ್ತು ಬಿಡಬೇಕು ಅನ್ನಿಸಿತು. ಅಳುವ ಹಕ್ಕು ನನಗಿದೆಯೇ ಎಂದು ತಿಳಿಯದೆ ಗೋಡೆ ಹಿಡಿದು ನಿಂತೆ.

ನೋಟ್‌ಬುಕ್ಕನ್ನು ಅವಳು ವಾಪಸು ಕೊಡಲಿಲ್ಲ, ನಾನೂ ಕೇಳಲಿಲ್ಲ. ಈಗ ಬಾಯ್ನಾದವರ ಮದುವೆ, ಭಜನೆಗಳಲ್ಲಿ ನಾಲ್ಕೂ ನುಡಿ ಹಾಡುತ್ತಾರಂತೆ. ಆದರೆ ಬಸ್ಸಿನವರ ಹತ್ತಿರ ಇರುವುದು ಅದೇ ಹಳೆಯ ಕ್ಯಾಸೆಟ್ಟು. ಅದರಲ್ಲಿ ಅವಳು ಇನ್ನೂ ಉಸಿರು ಎಳೆದು, ಕಣ್ಣು ತೆರೆದು, ನನ್ನ ಕಡೆ ನೋಡುತ್ತಾಳೆ. ಪ್ರತಿ ಸಲವೂ ನಾನು ತಲೆ ಅಲ್ಲಾಡಿಸುತ್ತೇನೆ.